ಹಸಿ ಕಸ ಬೇರೆ ಮಾಡದೆ ಒಂದು ನಗರ ಕಸದ ಸಮಸ್ಯೆ ಗೆಲ್ಲೋಕೆ ಸಾಧ್ಯವಾ?

ಮಣ್ಣುಹುಳು

ನಗರಗಳ ಕಸದ ಮಾತು ಬಂದಾಗಲೆಲ್ಲ ಚರ್ಚೆ ಎರಡು ಪ್ರಶ್ನೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಎಲ್ಲಿ ಸುರಿಯೋಣ? ಯಾವ ಯಂತ್ರ ತರೋಣ? ನನ್ನ ಪ್ರಕಾರ ಇವೆರಡೂ ಆಮೇಲಿನ ಪ್ರಶ್ನೆಗಳು. ಮೊದಲು ಕೇಳಬೇಕಾದದ್ದು ಇಷ್ಟೇ: ಅಡುಗೆಮನೆಯ ಕಸ ಬೇರೆ ಡಬ್ಬಿಗೆ ಬೀಳುತ್ತಿದೆಯಾ?

ವಿಶ್ವಬ್ಯಾಂಕಿನ 2018ರ ವರದಿ ಪ್ರಕಾರ 2016ರಲ್ಲಿ ಜಗತ್ತಿನ ಊರುಗಳಿಂದ ಬಂದ ಘನತ್ಯಾಜ್ಯ 201 ಕೋಟಿ ಟನ್. ಇದೇ ದಾರಿಯಲ್ಲಿ ಹೋದರೆ 2050ಕ್ಕೆ 340 ಕೋಟಿ ಟನ್ ಆಗುತ್ತದೆ. 2016ರ ಕಸದಲ್ಲಿ 44% ಆಹಾರ ಮತ್ತು ಸೊಪ್ಪುಸದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ಪಾಲು ಅರ್ಧ ದಾಟುತ್ತದೆ. ಅಂದರೆ ಲಾರಿಯಲ್ಲಿ ಹೋಗುವ ಕಸದಲ್ಲಿ ಅರ್ಧದಷ್ಟು ಮಣ್ಣಿಗೆ ಮರಳಬೇಕಾದ ವಸ್ತು.

ಇದನ್ನೇ ಉಳಿದದ್ದರ ಜತೆ ಬೆರೆಸಿಬಿಟ್ಟರೆ ಏನಾಗುತ್ತೆ ನೋಡಿ. ಕಾಗದ ಒದ್ದೆಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಪ್ಲಾಸ್ಟಿಕ್‌ಗೆ ಜಿಡ್ಡು ಹತ್ತುತ್ತದೆ. ಸುರಿದ ಕಸದ ಗುಡ್ಡದ ಅಡಿಯಲ್ಲಿ ಗಾಳಿ ಇಲ್ಲದೆ ಕೊಳೆತು ಮೀಥೇನ್ ಹುಟ್ಟುತ್ತದೆ. 20 ವರ್ಷದ ಲೆಕ್ಕ ಹಾಕಿದರೆ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಜಾಸ್ತಿ ಬಿಸಿ ಹಿಡಿದಿಡುತ್ತದೆ. ಜತೆಗೆ ಕಪ್ಪು ಕೊಳೆರಸ ಕೆಳಗಿಳಿದು ಅಂತರ್ಜಲ ಸೇರುತ್ತದೆ. ನಾವು ‘ಕಸದ ಸಮಸ್ಯೆ’ ಅಂತ ಕರೆಯೋ ವಾಸನೆ, ನೊಣ, ಬೆಂಕಿ, ಕೊಳೆರಸ ಎಲ್ಲದರ ಬುಡದಲ್ಲಿ ಹಸಿ ಕಸವೇ ಇದೆ.

ಆಗಲ್ಲ ಅನ್ನೋರಿಗೆ ಇಟಲಿಯ ಮಿಲಾನ್ ತೋರಿಸುತ್ತೇನೆ. ಸುಮಾರು 14 ಲಕ್ಷ ಜನ. ಬಹುಪಾಲು ಮಂದಿ ಬಹುಮಹಡಿ ಕಟ್ಟಡಗಳಲ್ಲಿ ಇರುವವರು. 2012ರಿಂದ 2014ರ ಒಳಗೆ, ನಗರವನ್ನು ನಾಲ್ಕು ಭಾಗ ಮಾಡಿ, ಒಂದೊಂದಾಗಿ ಮನೆ ಮನೆಯ ಆಹಾರ ತ್ಯಾಜ್ಯವನ್ನು ಬೇರೆ ಸಂಗ್ರಹಿಸೋಕೆ ಶುರು ಮಾಡಿದರು. ಪ್ರತಿ ಮನೆಗೂ ಒಂದು ಪುಟ್ಟ ಡಬ್ಬಿ ಕೊಟ್ಟರು. ಆ ಡಬ್ಬಿಯ ಸುತ್ತಲೂ ತೂತುಗಳಿರುತ್ತವೆ. ಒಳಗೆ ಮಣ್ಣಲ್ಲಿ ಕರಗುವ ಚೀಲ. ತೂತಿನಿಂದ ಗಾಳಿಯಾಡಿ ತೇವ ಆರುತ್ತದೆ. ಕಸದ ತೂಕ ಇಳಿಯುತ್ತದೆ, ವಾಸನೆಯೂ ಕಡಿಮೆ. ಮುಚ್ಚಿದ ಡಬ್ಬಿಯಲ್ಲಿ ಎರಡೇ ದಿನಕ್ಕೆ ನಾರುವ ಕಸ ಇದರಲ್ಲಿ ಹೆಚ್ಚು ದಿನ ತಡೆಯುತ್ತದೆ. ಒಂದು ಡಬ್ಬಿಯ ವಿನ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಂಡದ್ದರಿಂದಲೇ ಜನ ಒಪ್ಪಿಕೊಂಡರು ಅಂತ ನನಗೆ ಅನ್ನಿಸುತ್ತದೆ.

ನಿಮಗೆ ಏನನ್ನಿಸುತ್ತೆ? ಒಪ್ಪದವರೂ ಬರೆಯಿರಿ.

ಬಾಯ್ಲರ್_ಮನೆ

ನಾನು ಒಪ್ಪೋದಿಲ್ಲ, ಪೂರ್ತಿಯಾಗಂತೂ ಇಲ್ಲ. ಟೋಕಿಯೊ ನೋಡಿ. ಅಲ್ಲಿನ 23 ವಾರ್ಡ್‌ಗಳಲ್ಲಿ ಅಡುಗೆಮನೆ ಕಸ ‘ಸುಡುವ ಕಸ’ದ ಜತೆಗೇ ಹೋಗುತ್ತದೆ. ನಗರದ ಒಳಗೇ ಇಪ್ಪತ್ತರ ಆಸುಪಾಸು ದಹನ ಘಟಕಗಳಿವೆ. ಸುತ್ತ ಜನ ವಾಸ ಮಾಡುತ್ತಾರೆ. ಸಿಂಗಾಪುರದಲ್ಲಿ ಹೂಳೋಕೆ ಜಾಗವೇ ಇಲ್ಲ. ಸುಡುವಂಥದ್ದನ್ನೆಲ್ಲ ಸುಟ್ಟು, ಬೂದಿಯನ್ನು ದೋಣಿಯಲ್ಲಿ ಸೆಮಕಾವ್ ಅನ್ನೋ ಕಡಲ ನಡುವಿನ ಭರ್ತಿ ಜಾಗಕ್ಕೆ ಒಯ್ಯುತ್ತಾರೆ. ಸುಟ್ಟರೆ ಕಸದ ಗಾತ್ರ ಸುಮಾರು 90% ಇಳಿಯುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಅಮಾಗರ್ ಬಕ್ಕೆ ಘಟಕ 2017ರಿಂದ ವಿದ್ಯುತ್ ಕೊಡುತ್ತಿದೆ, ಮನೆಗಳನ್ನೂ ಬೆಚ್ಚಗಿಡುತ್ತಿದೆ. ಅದರ ಚಾವಣಿ ಮೇಲೆ ಜನ ಸ್ಕೀಯಿಂಗ್ ಮಾಡುತ್ತಾರೆ.

ಒಳ್ಳೆಯ ಫಿಲ್ಟರ್ ಇರುವ, ದಿನದ 24 ಗಂಟೆ ಹೊಗೆ ಅಳೆಯುವ ಘಟಕವನ್ನು ಬಯಲಲ್ಲಿ ಉರಿಯೋ ಗುಡ್ಡದ ಜತೆ ಹೋಲಿಸಬೇಡಿ. ಜಾಗ ಇಲ್ಲದ ನಗರಕ್ಕೆ ಇದು ನಿಜವಾದ ಪರಿಹಾರ.

ಮಣ್ಣುಹುಳು

ಜಾಗ ಇಲ್ಲದ ನಗರದ ಮಾತು ಒಪ್ಪುತ್ತೇನೆ. ಆದರೆ ನಿಮ್ಮ ಉದಾಹರಣೆಗಳೆಲ್ಲ ಶ್ರೀಮಂತ ನಗರಗಳೇ, ಅಲ್ವಾ? ಅಲ್ಲಿನ ಕಸದಲ್ಲಿ ಕಾಗದ, ಪ್ಯಾಕಿಂಗ್ ಜಾಸ್ತಿ. ಅದು ಚೆನ್ನಾಗಿ ಉರಿಯುತ್ತದೆ. ವಿಶ್ವಬ್ಯಾಂಕಿನ ಹಳೆಯ ಮಾರ್ಗಸೂಚಿಯೇ ಹೇಳುತ್ತದೆ: ದಹನ ಘಟಕಕ್ಕೆ ಹೋಗುವ ಕಸದಲ್ಲಿ ವರ್ಷದ ಸರಾಸರಿ ಕಿಲೋಗೆ 7 ಮೆಗಾಜೂಲ್ ಶಕ್ತಿ ಇರಬೇಕು. ಯಾವ ಋತುವಿನಲ್ಲೂ 6ಕ್ಕಿಂತ ಇಳಿಯಬಾರದು. ಮಳೆಗಾಲದಲ್ಲಿ ನೆನೆದ, ಅರ್ಧಕ್ಕರ್ಧ ನೀರೇ ಇರುವ ಕಸಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು? ಆಗ ಎಣ್ಣೆ ಸುರಿದು ಉರಿಸಬೇಕಾಗುತ್ತದೆ. ಹಾಗಾಗಿ ಸುಡೋದೇ ನಿಮ್ಮ ದಾರಿ ಆದರೂ ಅಂಥ ಊರಿನಲ್ಲಿ ಹಸಿ ಕಸವನ್ನು ಮೊದಲು ಬೇರೆ ಮಾಡಲೇಬೇಕು.

ಇನ್ನೊಂದು ವಿಷಯ. ಘಟಕ ಕಟ್ಟಿದ ಮೇಲೆ 25–30 ವರ್ಷ ಅದಕ್ಕೆ ಕಸ ಉಣಿಸುತ್ತಲೇ ಇರಬೇಕು. ಡೆನ್ಮಾರ್ಕ್‌ನಲ್ಲಿ ಸ್ವಂತ ಕಸ ಸಾಲದೆ ಬೇರೆ ದೇಶದಿಂದ ತರಿಸಿಕೊಂಡರು. ಕಡೆಗೆ 2020ರಲ್ಲಿ ಆ ದೇಶದ ಪಕ್ಷಗಳೇ ಕೂತು ದಹನ ಸಾಮರ್ಥ್ಯವನ್ನು 30% ತಗ್ಗಿಸೋಕೆ ಒಪ್ಪಂದ ಮಾಡಿಕೊಂಡವು.

ಬಾಯ್ಲರ್_ಮನೆ

ತೇವದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಒದ್ದೆ ಕಸ ಬಂದ ದಿನ ಬಾಯ್ಲರ್ ನಡೆಸೋರ ಪಾಡು ನನಗೆ ಗೊತ್ತು. ಆದರೂ ಮರುಬಳಕೆ ಆಗದ ಉಳಿಕೆ ಎಲ್ಲ ಊರಲ್ಲೂ ಇರುತ್ತೆ. ಅದಕ್ಕೊಂದು ದಾರಿ ಬೇಕು. ಘಟಕ ಚಿಕ್ಕದಾಗಿ ಕಟ್ಟಿ, ಉಳಿಕೆಗೆ ಮಾತ್ರ ಅಳತೆ ಮಾಡಿ ಕಟ್ಟಿ. ಅಷ್ಟು ಹೇಳಿ ನಿಲ್ಲಿಸುತ್ತೇನೆ.

ಲೆಕ್ಕದಪುಸ್ತಕ

ನಾನು ನಗರಾಡಳಿತದ ಹಣಕಾಸಿನ ಕೆಲಸ ಮಾಡಿದವನು. ಇಲ್ಲಿ ಯಾರೂ ದುಡ್ಡಿನ ಮಾತು ಎತ್ತಿಲ್ಲ.

ಬಡ ದೇಶಗಳ ನಗರಗಳು ತಮ್ಮ ಬಜೆಟ್ಟಿನಲ್ಲಿ ಸರಾಸರಿ 20% ಕಸಕ್ಕೇ ಖರ್ಚು ಮಾಡುತ್ತವೆ. ಶ್ರೀಮಂತ ದೇಶಗಳಲ್ಲಿ ಅದು ಸುಮಾರು 4%. ಅಷ್ಟು ಸುರಿದರೂ ಬಡ ದೇಶಗಳ ನಗರಗಳಲ್ಲಿ ಎತ್ತುವ ಕಸ ಅರ್ಧದಷ್ಟೂ ಇಲ್ಲ, 48% ಮಾತ್ರ. ಉಳಿದದ್ದು ಮೋರಿ, ಖಾಲಿ ಸೈಟು, ನದಿ, ಇಲ್ಲವೇ ಬೆಂಕಿ. ದುಡ್ಡಿನ ದೊಡ್ಡ ಪಾಲು ಡೀಸೆಲ್, ಲಾರಿ, ಸಂಬಳಕ್ಕೇ ಮುಗಿಯುತ್ತದೆ.

ಹಾಗಾಗಿ ನನ್ನ ಕ್ರಮ ಬೇರೆ. ಮೊದಲು ಪ್ರತಿ ಬೀದಿಯ ಕಸ ಎತ್ತಿ. ತಪ್ಪದೆ, ಹೇಳಿದ ದಿನ, ಹೇಳಿದ ಹೊತ್ತಿಗೆ. ಎರಡು ವಾರ ಲಾರಿಯೇ ಬಾರದ ಬೀದಿಯಲ್ಲಿ ನಿಂತು ಎರಡು ಡಬ್ಬಿ ಇಡಿ ಅಂದರೆ ಜನ ಯಾಕೆ ಕೇಳಬೇಕು? ಮಣ್ಣುಹುಳು ಅವರ ಮಾತು ನಿಜ, ಆದರೆ ಅದು ಎರಡನೇ ಮೆಟ್ಟಿಲು.

ಮಣ್ಣುಹುಳು

ಎರಡೂ ಒಟ್ಟಿಗೇ ಆಗಬಹುದು ಅಂತ ನನ್ನ ನಂಬಿಕೆ. ಹಸಿ ಕಸವನ್ನು ಬಡಾವಣೆಯ ಹತ್ತಿರವೇ ಗೊಬ್ಬರ ಮಾಡಿದರೆ ದೂರದ ಗುಡ್ಡಕ್ಕೆ ಹೋಗುವ ಲಾರಿಗಳು ಅರ್ಧ ಕಡಿಮೆ ಆಗುತ್ತವೆ. ಅದೇ ಡೀಸೆಲ್ ದುಡ್ಡಲ್ಲಿ ಲಾರಿ ಹೋಗದ ಬೀದಿಗೂ ಹೋಗಬಹುದು. ನೀವು ಲೆಕ್ಕದವರು, ಇದು ನಿಮಗೇ ಹೆಚ್ಚು ಗೊತ್ತು.

ದಾರಿಹೋಕ

ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಒಂದು ಮಾತು ಕೇಳಲೇಬೇಕು ಅನ್ನಿಸಿತು. ನಾವು ಬೇರೆ ಬೇರೆ ಮಾಡಿ ಕೊಟ್ಟರೂ ಲಾರಿಯವರು ಎಲ್ಲ ಒಟ್ಟಿಗೆ ಸುರಿದುಕೊಂಡು ಹೋಗುತ್ತಾರೆ. ಕಣ್ಣೆದುರಿಗೇ. ಹೀಗಿರುವಾಗ ಯಾರಿಗೆ ಬೇಕು ಈ ವಿಂಗಡಣೆ?

ಮಣ್ಣುಹುಳು

ನಿಮ್ಮ ಸಿಟ್ಟು ನೂರಕ್ಕೆ ನೂರು ನ್ಯಾಯ. ಒಮ್ಮೆ ಹಾಗೆ ಸುರಿಯೋದನ್ನು ನೋಡಿದ ಮನೆ ಮತ್ತೆ ವರ್ಷಗಟ್ಟಲೆ ವಿಂಗಡಣೆ ಮಾಡೋದಿಲ್ಲ. ಅದಕ್ಕೇ ಡಬ್ಬಿ ಹಂಚುವ ಮೊದಲು ಲಾರಿ ಸರಿಯಾಗಬೇಕು. ಎರಡು ಗೂಡಿನ ಲಾರಿಯಾದರೂ ಬೇಕು, ಇಲ್ಲವೇ ಹಸಿ ಕಸಕ್ಕೆ ಒಂದು ದಿನ, ಒಣ ಕಸಕ್ಕೆ ಇನ್ನೊಂದು ದಿನ. ದಿನ ಬೇರೆ ಮಾಡೋದೇ ಅಗ್ಗ. ಬೆರೆಸೋಣ ಅಂದರೂ ಲಾರಿಯಲ್ಲಿ ಬೆರೆಸೋಕೆ ಇನ್ನೊಂದು ಕಸವೇ ಇರೋದಿಲ್ಲ.

ದಕ್ಷಿಣ ಕೊರಿಯ ಹಂತ ಹಂತವಾಗಿ ಹೋದ ರೀತಿ ನೋಡಿ. 1995ರಲ್ಲಿ ಚೀಲದ ಲೆಕ್ಕದಲ್ಲಿ ಶುಲ್ಕ ತಂದರು. ಜಾಸ್ತಿ ಕಸಕ್ಕೆ ಜಾಸ್ತಿ ದುಡ್ಡು, ಮರುಬಳಕೆಗೆ ಹೋಗುವ ವಸ್ತು ಉಚಿತ. 2005ರಲ್ಲಿ ಆಹಾರ ತ್ಯಾಜ್ಯ ನೇರವಾಗಿ ಹೂಳೋದು ನಿಷೇಧವಾಯಿತು. 2013ರಿಂದ ಆಹಾರ ತ್ಯಾಜ್ಯಕ್ಕೂ ಪ್ರಮಾಣದ ಲೆಕ್ಕದಲ್ಲಿ ಶುಲ್ಕ ಬಂತು. ರಾಜಧಾನಿ ಸಿಯೋಲ್‌ನ ಅನೇಕ ವಸತಿ ಸಮುಚ್ಚಯಗಳ ಕೆಳಗೆ ಒಂದು ಯಂತ್ರ ನಿಂತಿರುತ್ತದೆ. ಕಾರ್ಡ್ ತೋರಿಸಿದರೆ ಮುಚ್ಚಳ ತೆರೆಯುತ್ತದೆ. ಕಸ ಸುರಿದರೆ ತೂಕ ಪರದೆ ಮೇಲೆ ಬರುತ್ತದೆ. ಆ ತೂಕ ಆ ಮನೆಯ ಬಿಲ್ಲಿಗೆ ಸೇರುತ್ತದೆ. ನೀರು ಬಸಿದು ಹಾಕಿದರೆ ತೂಕ ಕಡಿಮೆ ಅನ್ನೋದು ಯಾರೂ ಹೇಳದೆಯೇ ಜನಕ್ಕೆ ಗೊತ್ತಾಗುತ್ತದೆ. ಈಗ ಆ ದೇಶದ ಆಹಾರ ತ್ಯಾಜ್ಯದಲ್ಲಿ 95%ರಷ್ಟು ಗೊಬ್ಬರ, ಪ್ರಾಣಿಗಳ ಮೇವು, ಜೈವಿಕ ಅನಿಲವಾಗಿ ಬಳಕೆಯಾಗುತ್ತಿದೆ.

ಗಮನಿಸಿ, 1995ರಿಂದ 2013. ಒಂದು ಚುನಾವಣೆಯ ಅವಧಿಯಲ್ಲಿ ಆದ ಕೆಲಸ ಅಲ್ಲ ಇದು.

ಲೆಕ್ಕದಪುಸ್ತಕ

ಚೀಲದ ಶುಲ್ಕ ಎಲ್ಲ ಕಡೆ ನಡೆಯೋದಿಲ್ಲ. ಕಳ್ಳತನದಲ್ಲಿ ಸುರಿಯೋದನ್ನು ತಡೆಯೋ ಶಕ್ತಿ ಆಡಳಿತಕ್ಕೆ ಇಲ್ಲದಿದ್ದರೆ ಶುಲ್ಕ ಉಳಿಸೋಕೆ ಜನ ರಾತ್ರಿ ಮೋರಿಗೆ ಎಸೆಯುತ್ತಾರೆ. ಅಂಥ ಕಡೆ ನೀರಿನ ಬಿಲ್ ಅಥವಾ ಆಸ್ತಿ ತೆರಿಗೆ ಜತೆ ಸೇರಿಸಿ ವಸೂಲಿ ಮಾಡೋದೇ ವಾಸಿ.

ಬೆಲ್ಟ್‌ಮುಂದೆ

ನಾನು ಒಣ ಕಸ ವಿಂಗಡಣೆ ಘಟಕದಲ್ಲಿ ಕೆಲಸ ಮಾಡೋಳು. ನೀವೆಲ್ಲ ಹೇಳೋದನ್ನು ಕಸ ಸಾಗುವ ಬೆಲ್ಟ್ ಮುಂದೆ ನಿಂತು ದಿನಾ ನೋಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಒಂದು ನೀರಿನ ಬಾಟಲಿ ತಗೊಳ್ಳಿ. ಮೈ ಪೆಟ್ ಪ್ಲಾಸ್ಟಿಕ್. ಮುಚ್ಚಳ ಬೇರೆ ಪ್ಲಾಸ್ಟಿಕ್. ಲೇಬಲ್ ಇನ್ನೊಂದು. ಪುಡಿ ಮಾಡಿ ನೀರಿಗೆ ಹಾಕಿದರೆ ಪೆಟ್ ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಹಾಗೆ ಬೇರೆ ಮಾಡುತ್ತಾರೆ. ಇಷ್ಟು ಸಲೀಸು. ಆದರೆ ಅದೇ ಬಾಟಲಿಯ ಒಳಗೆ ಯಾರೋ ಉಳಿದ ಅನ್ನ ತುರುಕಿದ್ದರೆ, ಸುತ್ತ ತೆಳು ಲೇಬಲ್ ಮೈತುಂಬ ಅಂಟಿದ್ದರೆ, ಆ ಬಾಟಲಿ ಪಕ್ಕಕ್ಕೆ ಹೋಗುತ್ತದೆ. ಒದ್ದೆಯಾದ ರಟ್ಟನ್ನು ಯಾರೂ ಕೊಳ್ಳೋದಿಲ್ಲ. ತೆಳು ಕವರ್‌ಗಳು ತಿರುಗುವ ರೋಲರ್‌ಗೆ ಸುತ್ತಿಕೊಳ್ಳುತ್ತವೆ. ಆಗ ಇಡೀ ಸಾಲು ನಿಲ್ಲಿಸಿ, ಒಬ್ಬರು ಒಳಗೆ ಬಗ್ಗಿ ಚಾಕುವಿನಲ್ಲಿ ಕತ್ತರಿಸಿ ತೆಗೆಯಬೇಕು. ಡಯಾಪರ್, ಸೂಜಿ ಬಂದರೆ ನಮ್ಮ ಕೈಗೇ ಬರುತ್ತದೆ. ಈಗ ಎಲ್ಲಕ್ಕಿಂತ ಹೆದರಿಕೆ ಲಿಥಿಯಂ ಬ್ಯಾಟರಿಯದ್ದು. ಒತ್ತಿದಾಗ ಜಜ್ಜಿ ಹೋಗಿ ಬೆಂಕಿ ಹತ್ತುತ್ತದೆ. ರಟ್ಟು, ಪ್ಲಾಸ್ಟಿಕ್ ನಡುವೆ ಒಂದು ಕಿಡಿ ಸಾಕು.

ಚೀನಾ 2018ರಲ್ಲಿ ಹೊರದೇಶದ ಪ್ಲಾಸ್ಟಿಕ್ ಕಸಕ್ಕೆ ಬಾಗಿಲು ಹಾಕಿತು. ಕಾಗದದಂಥ ವಸ್ತುಗಳಲ್ಲಿ ಕೊಳೆ 0.5% ದಾಟಬಾರದು ಅಂದಿತು. ಅಲ್ಲಿಯವರೆಗೆ ಎಷ್ಟೋ ಶ್ರೀಮಂತ ನಗರಗಳು ಕೊಳಕು ಬೇಲ್‌ಗಳನ್ನು (ಒತ್ತಿ ಕಟ್ಟಿದ ಒಣ ಕಸದ ಮೂಟೆಗಳನ್ನು) ಹಡಗಿಗೆ ಹತ್ತಿಸಿ ‘ಮರುಬಳಕೆ ಆಯಿತು’ ಅಂತ ಲೆಕ್ಕ ಬರೆದುಕೊಂಡಿದ್ದವು. ಆಮೇಲೆ ಗೊತ್ತಾಯಿತು, ಬೇಲ್ ಶುದ್ಧ ಇದ್ದರೆ ಮಾತ್ರ ಅದು ಸರಕು.

ಹಸಿ ಕಸ ಬೇರೆ ಮಾಡಿ. ಬೇರೆ ಏನೂ ಮಾಡದಿದ್ದರೂ ಪರವಾಗಿಲ್ಲ. ಒಣ ಕಸ ಒಣಗಿದ್ದರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಕೈಗಾಡಿ

ಮೇಲಿನ ಬರಹ ಓದಿ ಮನಸ್ಸು ತುಂಬಿ ಬಂತು. ನಗರ ಸುಧಾರಣೆ ಅನ್ನೋ ಹೆಸರಲ್ಲಿ ಮೊದಲು ಹೊರಗೆ ಹೋಗೋರು ಇಂಥವರೇ. ಅದಕ್ಕೇ ಕೈರೋ ಕತೆ ಇಲ್ಲಿ ಹೇಳಲೇಬೇಕು.

ಅಲ್ಲಿ ಜಬ್ಬಾಲೀನ್ ಅನ್ನೋ ಸಮುದಾಯ ತಲೆಮಾರುಗಳಿಂದ ಮನೆ ಬಾಗಿಲಿಗೆ ಹೋಗಿ ಕಸ ತರುತ್ತಿತ್ತು. ಆಹಾರದ ಉಳಿಕೆ ಹಂದಿಗಳಿಗೆ. ಉಳಿದದ್ದನ್ನು ಮುಕತ್ತಮ್ ಬೆಟ್ಟದ ಬುಡದ ಮನೆಗಳಲ್ಲಿ ಕೂತು ವಿಂಗಡಿಸಿ ಮಾರುತ್ತಿದ್ದರು. 2003ರ ಹೊತ್ತಿಗೆ ಸರಕಾರ ಐರೋಪ್ಯ ಕಂಪನಿಗಳಿಗೆ 15 ವರ್ಷದ ಗುತ್ತಿಗೆ ಕೊಟ್ಟಿತು. ಮನೆ ಬಾಗಿಲಿನ ಬದಲು ಬೀದಿ ತುದಿಯ ದೊಡ್ಡ ತೊಟ್ಟಿ ಬಂತು. ಇಕ್ಕಟ್ಟಾದ ಓಣಿಗೆ ದೊಡ್ಡ ಲಾರಿ ನುಗ್ಗಲಿಲ್ಲ. ಬಾಗಿಲಲ್ಲಿ ಕೊಟ್ಟು ರೂಢಿಯಾದ ಜನ ತೊಟ್ಟಿಯವರೆಗೆ ಹೋಗಲಿಲ್ಲ. 2009ರಲ್ಲಿ ಎಚ್1ಎನ್1 (ಹಂದಿ ಜ್ವರ) ಭಯಕ್ಕೆ ದೇಶದ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲೋಕೆ ಆದೇಶ ಆಯಿತು. ಹಂದಿಗಳಿಂದ ಜ್ವರ ಹರಡುತ್ತಿಲ್ಲ ಅಂತ ತಜ್ಞರು ಹೇಳುತ್ತಲೇ ಇದ್ದರು. ಹಂದಿ ಹೋದವು, ಆಹಾರದ ಕಸ ಬೀದಿಯಲ್ಲಿ ರಾಶಿ ಬಿತ್ತು. ಹಸಿ ಕಸದ ದಾರಿ ಮುಚ್ಚಿದರೆ ಇಡೀ ಏರ್ಪಾಡು ಕುಸಿಯುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಬೊಗೋಟಾದಲ್ಲಿ ಉಲ್ಟಾ ಆಯಿತು. ಕಸ ಆಯುವವರೇ ಸಂಘಟಿತರಾಗಿ ನ್ಯಾಯಾಲಯಕ್ಕೆ ಹೋದರು. ಕೊಲಂಬಿಯಾದ ಸಾಂವಿಧಾನಿಕ ನ್ಯಾಯಾಲಯ 2003ರಲ್ಲಿ, ಮತ್ತೆ 2011ರಲ್ಲಿ ಅವರ ಪರ ನಿಂತಿತು. ಗುತ್ತಿಗೆ ಹಂಚುವಾಗ ಇವರನ್ನು ಹೊರಗಿಡುವಂತಿಲ್ಲ ಅಂದಿತು. 2013ರಿಂದ ನಗರ ಅವರು ತಂದ ವಸ್ತುವಿನ ತೂಕಕ್ಕೆ ಸೇವಾ ಶುಲ್ಕ ಕೊಡೋಕೆ ಶುರು ಮಾಡಿತು. ಗುಜರಿ ಬೆಲೆ ಬೇರೆ, ಇದು ಬೇರೆ. ಕಸ ಎತ್ತಿದ್ದಕ್ಕೆ ಲಾರಿ ಕಂಪನಿಗೆ ದುಡ್ಡು ಸಿಗುತ್ತೆ ಅಂದಮೇಲೆ ಇವರಿಗೂ ಸಿಗಬೇಕು, ಅಷ್ಟೇ. ಆ ಹೋರಾಟದ ಮುಂದಾಳು ನೋಹ್ರಾ ಪಾಡಿಯಾ ತಾವೂ ಚಿಕ್ಕಂದಿನಿಂದ ಕಸ ಆಯ್ದವರು. ಅದೇ ವರ್ಷ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಬ್ರೆಜಿಲ್‌ನ ರಾಜಧಾನಿ ಬ್ರೆಸಿಲಿಯಾದಲ್ಲಿ 2018ರ ಜನವರಿಯಲ್ಲಿ ಎಸ್ತ್ರುತುರಾಲ್ ಕಸದ ಗುಡ್ಡ ಮುಚ್ಚಿದಾಗ ಅಲ್ಲಿ ಆಯುತ್ತಿದ್ದವರ ಸಹಕಾರ ಸಂಘಗಳಿಗೆ ವಿಂಗಡಣೆ ಶೆಡ್‌ಗಳಲ್ಲಿ ಕೆಲಸ ಕೊಟ್ಟರು. ಸೂರು ಸಿಕ್ಕಿತು, ಆದರೆ ಹಲವರ ಸಂಪಾದನೆ ಇಳಿಯಿತು. ಶೆಡ್ಡಿಗೆ ಬರುವ ಒಣ ಕಸವೇ ಕಡಿಮೆ ಇತ್ತು. ಮನೆಗಳಲ್ಲಿ ವಿಂಗಡಣೆ ಆಗದೆ ಶೆಡ್ ಕಟ್ಟಿದರೆ ಹೀಗೇ.

ಹಳೇಗುಡ್ಡ

ಎಲ್ಲರೂ ಇನ್ನು ಮುಂದೆ ಬರುವ ಕಸದ ಮಾತಾಡುತ್ತಿದ್ದೀರಿ. ಈಗಾಗಲೇ ನಿಂತಿರುವ ಗುಡ್ಡಗಳ ಗತಿ ಏನು? 2000ದ ಜುಲೈಯಲ್ಲಿ ಫಿಲಿಪೀನ್ಸ್‌ನ ಪಯಾತಾಸ್ ಗುಡ್ಡ ಮಳೆಗೆ ಕುಸಿದು 200ಕ್ಕೂ ಹೆಚ್ಚು ಜನ ಸತ್ತರು. 2017ರಲ್ಲಿ ಅಡಿಸ್ ಅಬಾಬಾದ ಕೋಶೆಯಲ್ಲಿ 110ಕ್ಕೂ ಹೆಚ್ಚು. ಅದೇ ವರ್ಷ ಏಪ್ರಿಲ್‌ನಲ್ಲಿ ಕೊಲಂಬೊದ ಮೀತೊಟಮುಲ್ಲದಲ್ಲಿ 30ಕ್ಕೂ ಹೆಚ್ಚು. ಎಲ್ಲ ಕಡೆ ಸತ್ತವರು ಗುಡ್ಡದ ಬುಡದಲ್ಲಿ ಮನೆ ಮಾಡಿಕೊಂಡಿದ್ದ ಬಡವರು. ಹಸಿ ಕಸ ಕೊಳೆತು ಒಳಗೆ ನೀರು, ಅನಿಲ ತುಂಬಿಕೊಳ್ಳುತ್ತದೆ. ಇಳಿಜಾರು ಕಡಿದಾಗಿರುತ್ತದೆ. ಮಳೆ ಬಂದಾಗ ಜಾರುತ್ತದೆ.

ದುಡ್ಡಿಲ್ಲದ ನಗರಕ್ಕೂ ಆಗುವ ಒಂದು ಉಪಾಯ ಇದೆ. ಜಪಾನಿನ ಫುಕುವೋಕಾ ನಗರ ಮತ್ತು ಅಲ್ಲಿನ ವಿಶ್ವವಿದ್ಯಾಲಯ ಸೇರಿ 1970ರ ದಶಕದಲ್ಲಿ ರೂಪಿಸಿದ್ದು. ಭರ್ತಿ ಜಾಗದ ತಳದಲ್ಲಿ ತೂತಿರುವ ದಪ್ಪ ಕೊಳವೆ ಹಾಸಿ, ಸುತ್ತ ಜಲ್ಲಿ ತುಂಬುತ್ತಾರೆ. ಕೊಳವೆಯ ಬಾಯಿ ಹೊರಗೆ ಗಾಳಿಗೆ ತೆರೆದಿರುತ್ತದೆ. ಕೊಳೆಯುವ ಕಸದ ಬಿಸಿಗೆ ಒಳಗಿನ ಗಾಳಿ ಮೇಲೇರಿ, ನೆಟ್ಟಗೆ ನಿಲ್ಲಿಸಿದ ಕೊಳವೆಗಳಿಂದ ಹೊರಹೋಗುತ್ತದೆ. ಅದರ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ತಾನಾಗೇ ಎಳೆದುಕೊಂಡು ಬರುತ್ತದೆ. ಮೋಟಾರ್ ಬೇಡ. ಕೊಳೆರಸ ನಿಲ್ಲದೆ ಹರಿದುಹೋಗುತ್ತದೆ, ಮೀಥೇನ್ ಕಡಿಮೆ. ಏಷ್ಯಾ ಮತ್ತು ಪೆಸಿಫಿಕ್‌ನ ಹಲವು ದೇಶಗಳಲ್ಲಿ ಇದನ್ನು ಬಳಸುತ್ತಿದ್ದಾರೆ. ಕೊಳವೆ ಬಾಯಿಗೆ ಕಸ ಕಟ್ಟಿಕೊಳ್ಳದಂತೆ ನೋಡಿಕೊಳ್ಳೋರು ಮಾತ್ರ ಬೇಕೇ ಬೇಕು.

ಕೈಗಾಡಿ

ತಯಾರಕರ ಜವಾಬ್ದಾರಿ ಬಿಟ್ಟೇಹೋಯಿತು. ಬಾಟಲಿಗೆ ಠೇವಣಿ (ಖಾಲಿ ಬಾಟಲಿ ಕೊಟ್ಟರೆ ವಾಪಸ್ ಸಿಗುವ ದುಡ್ಡು) ಇಟ್ಟರೆ ಅದು ಬೀದಿಗೆ ಬೀಳೋದೇ ಇಲ್ಲ. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸುವ ಬಾಟಲಿಗೂ ಠೇವಣಿ ಇದೆ, 95ಕ್ಕಿಂತ ಹೆಚ್ಚು ಪ್ರತಿಶತ ವಾಪಸ್ ಬರುತ್ತವೆ. ಲಿಥುವೇನಿಯಾ 2016ರಲ್ಲಿ ತಂದು ಎರಡೇ ವರ್ಷಕ್ಕೆ 90% ಮುಟ್ಟಿತು. ಬೆಲ್ಟ್‌ಮುಂದೆ ಅವರಿಗೆ ಅನ್ನ ತುರುಕಿದ ಬಾಟಲಿ ಆಗ ಬರೋದೇ ಇಲ್ಲ.

ದಾರಿಹೋಕ

ಎಲ್ಲ ಓದಿದೆ. ತುಂಬ ಕಲಿತೆ. ಈಗ ಹೇಳಿ, ನಮ್ಮಂಥ ನಾಲ್ಕು ಜನ ಒಂದು ಬಡಾವಣೆಯಲ್ಲಿ ಸೇರಿಕೊಂಡರೆ ಎಲ್ಲಿಂದ ಹಿಡಿಯಬೇಕು? ಗೊಬ್ಬರ ಗುಂಡಿ ಮಾಡೋಣ ಅಂದರೆ ವಾಸನೆ ಬರುತ್ತೆ ಅಂತ ಅಕ್ಕಪಕ್ಕದವರು ಗಲಾಟೆ ಮಾಡುತ್ತಾರೆ.

ಮಣ್ಣುಹುಳು

ವಾಸನೆ ಬಂದರೆ ಅದು ಗೊಬ್ಬರ ಆಗುತ್ತಿಲ್ಲ, ಗಾಳಿ ಇಲ್ಲದೆ ಕೊಳೆಯುತ್ತಿದೆ ಅಂತ ಅರ್ಥ. ಹಸಿ ಕಸದ ಪ್ರತಿ ಪದರದ ಮೇಲೆ ಒಣಗಿದ ಎಲೆ ಅಥವಾ ಮರದ ಚೂರು ಧಾರಾಳವಾಗಿ ಹಾಕಿ. ಇಂಗಾಲ ಮತ್ತು ಸಾರಜನಕದ ಪ್ರಮಾಣ 25–30ಕ್ಕೆ 1 ಇರಬೇಕು ಅಂತಾರೆ. ಅಳತೆ ಸಾಧನ ಬೇಡ. ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿಯಲ್ಲಿ ತೇವ ಕಾಣಬೇಕು, ನೀರು ತೊಟ್ಟಿಕ್ಕಬಾರದು. ರಾಶಿ ದೊಡ್ಡದಿದ್ದರೆ ಕೆಲವೇ ದಿನಕ್ಕೆ ಒಳಗೆ 55ರಿಂದ 65 ಡಿಗ್ರಿ ಬಿಸಿ ಏರುತ್ತದೆ. ಮಗುಚಿದಾಗ ಹಬೆ ಏಳುತ್ತದೆ. ಕೈ ಇಟ್ಟರೆ ಸುಡುತ್ತದೆ. ಆ ಬಿಸಿಗೆ ರೋಗಾಣು, ಕಳೆಬೀಜ ಸಾಯುತ್ತವೆ. ಬಿಸಿ ಏರದಿದ್ದರೆ ಗಾಳಿಯೋ ತೇವವೋ ಹೆಚ್ಚುಕಡಿಮೆ ಆಗಿದೆ. ಗಲಾಟೆ ಮಾಡೋರನ್ನು ಮಗುಚುವ ದಿನವೇ ಕರೆಯಿರಿ.

ಅದಕ್ಕೂ ಮುಂಚೆ ಕಡಿಮೆ ಬಿಸಾಡೋದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ 2022ರಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ 60% ಮನೆಗಳಿಂದಲೇ.

ಲೆಕ್ಕದಪುಸ್ತಕ

ದಾರಿಹೋಕ ಅವರೇ, ಗೊಬ್ಬರದ ಜತೆಗೆ ಒಂದು ಕಾಗದವನ್ನೂ ಹಿಡಿದು ಕೂತುಕೊಳ್ಳಿ. ನಿಮ್ಮ ನಗರದ ಕಸ ಸಾಗಣೆ ಗುತ್ತಿಗೆ ಪತ್ರ. ಅದು ಸಾರ್ವಜನಿಕ ದಾಖಲೆ ಆಗಿರಬೇಕು, ಕೇಳಿ ಪಡೆಯಿರಿ. ದುಡ್ಡು ಯಾವ ಲೆಕ್ಕಕ್ಕೆ ಕೊಡುತ್ತಾರೆ ಅನ್ನೋ ಪುಟ ಹುಡುಕಿ.

ಬಹಳ ಕಡೆ ಗುಡ್ಡಕ್ಕೆ ತಂದು ಸುರಿದ ಟನ್ನಿನ ಲೆಕ್ಕಕ್ಕೆ ದುಡ್ಡು. ಹಾಗಿದ್ದರೆ ಗುತ್ತಿಗೆದಾರನಿಗೆ ಬೆರೆತ, ಒದ್ದೆ, ಭಾರದ ಕಸವೇ ಲಾಭ. ನೀವು ಬೇರೆ ಮಾಡಿ ಕೊಟ್ಟದ್ದನ್ನು ಕಣ್ಣೆದುರೇ ಬೆರೆಸಿದರಲ್ಲ, ಅದಕ್ಕೆ ಚಾಲಕನ ಉದಾಸೀನವೇ ಕಾರಣ ಅಂದುಕೊಳ್ಳಬೇಡಿ. ಗುತ್ತಿಗೆ ಪತ್ರವೇ ಅವನಿಂದ ಅದನ್ನು ಮಾಡಿಸುತ್ತಿರಬಹುದು.

ಕೇಳಬೇಕಾದದ್ದು ಮೂರು. ಹಸಿ, ಒಣ, ಉಳಿಕೆ, ಮೂರನ್ನೂ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಬೇರೆ ಬೇರೆ ತೂಗಬೇಕು. ಶುದ್ಧವಾಗಿ ಬಂದ ಹಸಿ ಕಸಕ್ಕೆ ಜಾಸ್ತಿ ದರ, ಬೆರೆತದ್ದಕ್ಕೆ ಕಡಿಮೆ. ಪ್ರತಿ ತಿಂಗಳ ತೂಕವನ್ನು ವಾರ್ಡ್‌ವಾರು ಜನರ ಮುಂದಿಡಬೇಕು. ಹೊಸ ಗುತ್ತಿಗೆ ಕರೆಯೋಕೆ ಮುಂಚೆ ಕೇಳಿ. ಸಹಿ ಆದಮೇಲೆ ಏಳೆಂಟು ವರ್ಷ ಯಾರೂ ಏನೂ ಮಾಡೋಕಾಗಲ್ಲ.

ದಾರಿಹೋಕ

ಈ ಗುತ್ತಿಗೆ ಯಾವಾಗ ಮುಗಿಯುತ್ತೆ ಅಂತ ನಾಳೆಯೇ ವಿಚಾರಿಸುತ್ತೇನೆ. ಪತ್ರ ಸಿಕ್ಕಿದ ಮೇಲೆ ಆ ಪುಟ ಇಲ್ಲೇ ಹಾಕುತ್ತೇನೆ, ಎಲ್ಲರೂ ಸೇರಿ ಓದೋಣ.